ಬೋರ್ಡಿಗೆ 'ರೋಬೋ ಅಕ್ಷರ' ಬೇಕಾ? ಕನ್ನಡದಲ್ಲಿ ಅದನ್ನು ಸರಿಯಾಗಿ ಮಾಡೋದು ಹೀಗೆ

ತುಮಕೂರಿನ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಅಡ್ಡರಸ್ತೆಯಲ್ಲಿ ನನ್ನ ಅಂಗಡಿ. ಸ್ಟಿಕರ್ ಕಟಿಂಗ್, ಬೋರ್ಡ್ ಡಿಸೈನ್, ಜೆರ್ಸಿ ಪ್ರಿಂಟಿಂಗ್ ಮಾಡುತ್ತೇನೆ. ಜಿಮ್ ಇಟ್ಟವರು, ಮೊಬೈಲ್ ರಿಪೇರಿ ಮಾಡುವವರು, ಎಲೆಕ್ಟ್ರಿಕ್ ಸ್ಕೂಟರ್ ಮಾರುವವರು, ಸೋಲಾರ್ ಪಂಪ್ ಡೀಲರ್‌ಗಳು, ಕ್ರಿಕೆಟ್ ಟೀಮಿನ ಹುಡುಗರು ಎಲ್ಲರೂ ಬಂದು ಕೇಳುವುದು ಒಂದೇ: "ಅಕ್ಕಾ, ಆ ರೋಬೋ ಥರ ಅಕ್ಷರ ಹಾಕಿಕೊಡಿ." ಫೋನಿನಲ್ಲಿ ಆ ಥರ ಬರೆದ ಒಂದು ಇಂಗ್ಲಿಷ್ ಹೆಸರನ್ನೂ ತೋರಿಸುತ್ತಾರೆ. ದಪ್ಪ ಗೆರೆ, ಅಗಲ ಮೈ, ಚೌಕದ ಆಕಾರ, ಮೂಲೆಗಳು ಮಾತ್ರ ಸ್ವಲ್ಪ ದುಂಡಗೆ.

ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ನಾವು ಮಾಡಿಕೊಡುವುದರಲ್ಲಿ ತಪ್ಪಾಗುತ್ತದೆ. ಇಂಗ್ಲಿಷಿಗೆ ಚೆಂದದ ಫಾಂಟ್ ಹಾಕಿ, ಕನ್ನಡ ಹೆಸರನ್ನು ಕೈಗೆ ಸಿಕ್ಕ ಫಾಂಟಿನಲ್ಲಿ ಟೈಪ್ ಮಾಡಿ, ಎರಡು ಕಡೆ ಹಿಡಿದು ಎಳೆದು, ಸುತ್ತ ಒಂದು ಔಟ್‌ಲೈನ್ ಕೊಟ್ಟು ಮುಗಿಸಿಬಿಡುತ್ತೇವೆ. ನೋಡಿದರೆ ಎರಡು ಬೇರೆ ಬೇರೆ ಅಂಗಡಿಯ ಬೋರ್ಡು ಅಂಟಿಸಿದ ಹಾಗಿರುತ್ತದೆ. ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆದಮೇಲಂತೂ ನಾಮಫಲಕದ ಶೇಕಡಾ 60 ಭಾಗ ಕನ್ನಡವೇ ಇರಬೇಕು, ಅದೂ ಮೇಲ್ಭಾಗದಲ್ಲಿ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಮೊದಲು ಬೀಳುವುದೇ ಕನ್ನಡ. ಅದು ಚೆನ್ನಾಗಿರಬೇಕು ಅಲ್ವಾ? ನಾನು ಮಾಡುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಕೆಲಸ ಮಾಡುವವರಿಗೆ, ತಮ್ಮ ಅಂಗಡಿಗೆ ತಾವೇ ಡಿಸೈನ್ ಮಾಡಿಕೊಳ್ಳುವವರಿಗೆ ಉಪಯೋಗವಾಗಲಿ ಅಂತ.

ಮೊದಲು ಈ ಅಕ್ಷರ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಒಳ್ಳೆಯದು. ನಾವು 'ಮುಂದಿನ ಕಾಲದ್ದು' ಅನ್ನುವ ಈ ರೂಪಕ್ಕೆ 70 ವರ್ಷ ದಾಟಿದೆ. ಇಟಲಿಯ ಟ್ಯೂರಿನ್ ಊರಿನ ನೆಬಿಯೋಲೋ ಅಚ್ಚುಮೊಳೆ ಕಾರ್ಖಾನೆಯಲ್ಲಿ ಅಲೆಸ್ಸಾಂಡ್ರೋ ಬುಟ್ಟಿ ಮತ್ತು ಆಲ್ಡೋ ನೊವಾರೆಸೆ 1952ರಲ್ಲಿ ಮೈಕ್ರೋಗ್ರಾಮಾ ಅನ್ನುವ ಅಕ್ಷರ ಮಾಡಿದರು. ಅದರಲ್ಲಿ ಇದ್ದದ್ದು ಬರೀ ದೊಡ್ಡಕ್ಷರ. 1962ರಲ್ಲಿ ನೊವಾರೆಸೆ ಅದಕ್ಕೆ ಚಿಕ್ಕಕ್ಷರವನ್ನೂ ಸೇರಿಸಿ ಯೂರೋಸ್ಟೈಲ್ ಅಂತ ತಂದರು. ಹಳೇ ಟಿವಿಯ ಪರದೆ ನೆನಪಿಸಿಕೊಳ್ಳಿ, ಚೌಕವೂ ಅಲ್ಲ, ದುಂಡಗೂ ಅಲ್ಲ. ಆ ಆಕಾರವೇ ಇದರ ಬೇರು. ಈಗ ನಮ್ಮ ಹುಡುಗರು ಫೋನಿನಲ್ಲಿ ತೋರಿಸುವುದು ಸಾಮಾನ್ಯವಾಗಿ ಆರ್ಬಿಟ್ರಾನ್. ಮ್ಯಾಟ್ ಮೆಕಿನರ್ನಿ ಮಾಡಿದ್ದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ, ದುಡ್ಡಿನ ಕೆಲಸಕ್ಕೂ ಬಳಸಬಹುದು. ಆದರೆ ಅದರಲ್ಲಿ ಕನ್ನಡ ಇಲ್ಲ. ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ.

ಇನ್ನೊಂದು ಉದಾಹರಣೆ ಹೇಳುತ್ತೇನೆ, ಮುಂದೆ ಬೇಕಾಗುತ್ತದೆ. 1975ರಲ್ಲಿ ನಾಸಾ ಸಂಸ್ಥೆಗೆ ಕೆಂಪು ಬಣ್ಣದ ಒಂದು ಹೊಸ ಲೋಗೋ ಬಂತು. ಅದರಲ್ಲಿ ಇಂಗ್ಲಿಷಿನ 'ಎ' ಅಕ್ಷರಕ್ಕೆ ನಡುವಿನ ಅಡ್ಡಗೆರೆಯೇ ಇಲ್ಲ. ಆದರೂ ಎಲ್ಲರೂ ಅದನ್ನು 'ಎ' ಅಂತಲೇ ಓದುತ್ತಾರೆ, ಯಾಕೆಂದರೆ ಹಾಗೆ ಕಾಣುವ ಬೇರೆ ದೊಡ್ಡಕ್ಷರ ಇಂಗ್ಲಿಷಿನಲ್ಲಿ ಇಲ್ಲ. ಗೆರೆ ಕಮ್ಮಿ ಮಾಡು, ಮುಂದಿನ ಕಾಲದ್ದು ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಇದು ನಡೆಯುತ್ತದೆ.

ಕನ್ನಡದಲ್ಲಿ ನಡೆಯುವುದಿಲ್ಲ. ಷ ಒಳಗಿನ ಗೆರೆ ತೆಗೆದರೆ ಪ. ಠ ಒಳಗಿನ ಚುಕ್ಕೆ ತೆಗೆದರೆ ರ. ಭ ಕೆಳಗಿನ ಸೀಳು ಮುಚ್ಚಿದರೆ ಬ ಅಂತ ಓದುತ್ತಾರೆ. ರ ಮೇಲಿನ ತಲೆಕಟ್ಟು ತೆಗೆದರೆ ಸೊನ್ನೆಗೆ ಹತ್ತಿರ ಬಂದುಬಿಡುತ್ತದೆ. ನಮ್ಮ ಅಕ್ಷರದಲ್ಲಿ ಸಣ್ಣ ಗುರುತೇ ಅಕ್ಷರದ ಪ್ರಾಣ. ಇದನ್ನು ನಾನು ಒಂದು ಬೋರ್ಡಿನಿಂದ ಕಲಿತೆ.

ಕೆಲಸ ಶುರು ಮಾಡಿದ ಎರಡನೇ ವರ್ಷ. ಒಂದು ಅಂಗಡಿಯ ಹೆಸರಿನ ಮೊದಲ ಪದ 'ಧನ'. ರೋಬೋ ಅಕ್ಷರವೇ ಬೇಕು, ಚೆನ್ನಾಗಿ ದಪ್ಪಗಿರಲಿ ಅಂದರು. ನಾನು ಮಾಮೂಲಿ ಫಾಂಟ್ ತೆಗೆದುಕೊಂಡು, ಕೋರಲ್ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಕಾಂಟೂರ್ (ಅಕ್ಷರದ ಸುತ್ತ ಇನ್ನೊಂದು ಅಂಚು) ಹಾಕಿ ಸುತ್ತಲೂ ದಪ್ಪ ಮಾಡಿದೆ. ಹೊರಗೆ ದಪ್ಪವಾದಷ್ಟೂ ಒಳಗಿನ ಸಂದು ಕಿರಿದಾಗುತ್ತದೆ ಅನ್ನುವುದನ್ನು ಗಮನಿಸಲಿಲ್ಲ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆನಲ್ಲ, ಧ ಕೆಳಗಿನ ಸೀಳು ಕೂದಲೆಳೆಯಷ್ಟು ಕಾಣುತ್ತಿತ್ತು. ಆಕ್ರಿಲಿಕ್ ಕತ್ತರಿಸಿ, ಎಸಿಪಿ ಶೀಟಿನ (ಬೋರ್ಡಿಗೆ ಹಾಕುವ ಅಲ್ಯೂಮಿನಿಯಂ ಹಲಗೆ) ಮೇಲೆ ಅಂಟಿಸಿ, ಬೋರ್ಡ್ ಮೇಲೇರಿಸಿದೆವು. ಮಾಲೀಕರ ತಾಯಿ ರಸ್ತೆಯ ಆ ಕಡೆ ನಿಂತು ಜೋರಾಗಿ ಓದಿದರು: "ದನ." ಆ ಅಮ್ಮನ ಮುಖ ನನಗೆ ಇವತ್ತಿಗೂ ಕಣ್ಣಮುಂದೆ ಇದೆ. ಆಯುಧಪೂಜೆಗೆ ಎರಡು ದಿನ ಇತ್ತು. ಅವತ್ತು ರಾತ್ರಿಯೇ ಆ ಅಕ್ಷರ ಕಿತ್ತು, ನನ್ನ ಖರ್ಚಿನಲ್ಲಿ ಹೊಸದು ಮಾಡಿ ಹಾಕಿಕೊಟ್ಟೆ.

ಅವತ್ತಿನಿಂದ ನನ್ನ ಮೊದಲ ನಿಯಮ: ಔಟ್‌ಲೈನ್ ಅಥವಾ ಕಾಂಟೂರ್ ಹಾಕಿ ದಪ್ಪ ಮಾಡಬೇಡಿ. ಮೊದಲೇ ದಪ್ಪಗೆ ಬರೆದಿರುವ ಕನ್ನಡ ಫಾಂಟ್ ತೆಗೆದುಕೊಳ್ಳಿ. ಅದನ್ನು ಮಾಡಿದವರು ಗೆರೆ ದಪ್ಪವಾದಾಗ ಸೀಳು ಎಷ್ಟು ಬಿಡಬೇಕು, ಹೊಟ್ಟೆ ಎಷ್ಟು ಹಿಗ್ಗಬೇಕು ಅಂತ ಒಂದೊಂದೇ ಅಕ್ಷರ ಕೂತು ನೋಡಿರುತ್ತಾರೆ.

ನಾನು ಹೆಚ್ಚು ಬಳಸುವುದು ಅನೇಕ್ ಕನ್ನಡ. ಏಕ್ ಟೈಪ್ ಅನ್ನುವ ಫಾಂಟ್ ಸಂಸ್ಥೆಯವರು 2022ರಲ್ಲಿ ಬಿಟ್ಟದ್ದು, ಗೂಗಲ್ ಫಾಂಟ್ಸ್‌ನಲ್ಲಿದೆ. ಇದರಲ್ಲಿ ದಪ್ಪ ಬೇರೆ, ಅಗಲ ಬೇರೆ, ಎರಡನ್ನೂ ನಮಗೆ ಬೇಕಾದಂತೆ ಹೊಂದಿಸಬಹುದು. ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ. ರೋಬೋ ಅಕ್ಷರಕ್ಕೆ ಎಕ್ಸ್‌ಟ್ರಾ ಬೋಲ್ಡ್, ಎಕ್ಸ್‌ಪ್ಯಾಂಡೆಡ್‌ನಿಂದ ಶುರು ಮಾಡಿ. ಮಾಮೂಲಿ ಫಾಂಟನ್ನು ಹಿಡಿದು ಅಡ್ಡಕ್ಕೆ ಎಳೆದರೆ ನಿಂತ ಗೆರೆ ಮಾತ್ರ ದಪ್ಪವಾಗಿ, ಮಲಗಿದ ಗೆರೆ ತೆಳ್ಳಗೇ ಉಳಿಯುತ್ತದೆ. ಅಕ್ಷರ ಊದಿಕೊಂಡ ಹಾಗೆ ಕಾಣುತ್ತದೆ. ಅಗಲವಾಗಿಯೇ ಬರೆದ ಫಾಂಟಿನಲ್ಲಿ ಆ ತೊಂದರೆ ಇಲ್ಲ. ಬಲೂ ತಮ್ಮ ಕೂಡ ದಪ್ಪ ಫಾಂಟೇ, ನನಗೆ ತುಂಬಾ ಇಷ್ಟ. ಆದರೆ ಅದರ ದುಂಡು ಮೈ ಬೇಕರಿಗೆ, ಮಕ್ಕಳ ಬಟ್ಟೆ ಅಂಗಡಿಗೆ ಸರಿ. ಸ್ಕೂಟರ್ ಶೋರೂಮಿಗೆ ಹೊಂದುವುದಿಲ್ಲ.

ಸಾಫ್ಟ್‌ವೇರ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಈ ಫಾಂಟ್‌ಗಳೆಲ್ಲ ಯೂನಿಕೋಡ್, ಅಂದರೆ ಫೋನು, ಕಂಪ್ಯೂಟರು ಎಲ್ಲ ಕಡೆ ಒಂದೇ ಸಂಕೇತದಲ್ಲಿ ನಡೆಯುವಂಥವು. ಹಳೇ ಕೋರಲ್‌ನಲ್ಲಿ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಪಕ್ಕದಲ್ಲಿ ಬರುತ್ತದೆ. ಅದಕ್ಕೇ ಬಹಳ ಜನ ಇನ್ನೂ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿಗೇ ಅಂಟಿಕೊಂಡಿದ್ದಾರೆ. ಇಂಕ್‌ಸ್ಕೇಪ್ ಉಚಿತ, ಅದರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಅಲ್ಲಿ ಟೈಪ್ ಮಾಡಿ, ಪಾತ್ ಮಾಡಿ (ಅಂದರೆ ಅಕ್ಷರವನ್ನು ಬರೀ ಗೆರೆಯ ಆಕಾರವಾಗಿಸಿ), ಆಮೇಲೆ ಕೋರಲ್‌ಗೆ ತನ್ನಿ. ಇಲ್ಲಸ್ಟ್ರೇಟರ್ ಇದ್ದರೆ ಪ್ರಿಫರೆನ್ಸ್‌ನಲ್ಲಿ ಟೈಪ್ ಅನ್ನುವ ಕಡೆ ಇಂಡಿಕ್ ಆಪ್ಷನ್ ಟಿಕ್ ಮಾಡಿಕೊಳ್ಳಿ.

ಈಗ ನಿಜವಾದ ಕೆಲಸ. ಒಂದು ಪದ ಹಿಡಿದು ಹೇಳುತ್ತೇನೆ. ಒಂದು ಕ್ರಿಕೆಟ್ ಟೀಮಿನ ಜೆರ್ಸಿ, ಎದೆ ಮೇಲೆ ಊರಿನ ಹೆಸರು. ಮೇಲೆ ಕನ್ನಡದಲ್ಲಿ 'ತುಮಕೂರು', ಕೆಳಗೆ ಇಂಗ್ಲಿಷಿನಲ್ಲಿ ಅದೇ ಹೆಸರು, ಆರ್ಬಿಟ್ರಾನ್‌ನಲ್ಲಿ. 2014ರ ನವೆಂಬರ್ 1ರಂದು 'ತುಮ್ಕೂರ್' ಹೋಗಿ 'ತುಮಕೂರು' ಆದಮೇಲೆ ಇಂಗ್ಲಿಷ್ ಹೆಸರು ಆರು ಅಕ್ಷರದಿಂದ ಎಂಟಕ್ಕೆ ಬೆಳೆಯಿತು. ಕನ್ನಡದಲ್ಲಿ ಯಾವಾಗಲೂ ನಾಲ್ಕೇ. ಹಾಗಾಗಿ ಅದೇ ಅಗಲದ ಜಾಗದಲ್ಲಿ ಕನ್ನಡವನ್ನು ಎಷ್ಟೋ ದೊಡ್ಡದಾಗಿ ಬರೆಯಬಹುದು. ಬೋರ್ಡಿಗೂ ಇದೇ ಲೆಕ್ಕ ಅನುಕೂಲ.

ಆ ಪದವನ್ನು ಟೈಪ್ ಮಾಡಿ ಸುಮ್ನೆ ಒಂದೈದು ನಿಮಿಷ ನೋಡುತ್ತಾ ಕೂತೆ. ನನ್ನ ಸೋದರಮಾವ ಗುಬ್ಬಿಯಲ್ಲಿ ಲಾರಿ, ಬಸ್ಸುಗಳ ಮೇಲೆ ಹೆಸರು ಬರೆಯುತ್ತಿದ್ದರು. ಬ್ರಷ್ ಮುಟ್ಟುವ ಮೊದಲು "ಪದದಲ್ಲಿ ಏನು ಎರಡು ಸಲ ಬರುತ್ತೆ ನೋಡು" ಅನ್ನುತ್ತಿದ್ದರು. ಇಲ್ಲಿ ಏನು ಬರುತ್ತದೆ? ತ, ಮ, ಕ, ರ ನಾಲ್ಕಕ್ಕೂ ತಲೆಕಟ್ಟು ಇದೆ. ತು, ಕೂ, ರು ಮೂರಕ್ಕೂ ಕೊಂಬು ಇದೆ. ಮ ಅಕ್ಷರದ ಬಲಭಾಗ ಕೂಡ ಕೊಂಬಿನ ಹಾಗೆಯೇ ಇರುತ್ತದೆ. ಅಂದರೆ ನಾಲ್ಕೂ ಅಕ್ಷರ ಒಂದೇ ಥರ ಶುರುವಾಗಿ ಒಂದೇ ಥರ ಮುಗಿಯುತ್ತವೆ. ಕೆಳಗೆ ಇಂಗ್ಲಿಷಿನಲ್ಲಿ ಮೂರು 'ಯು' ಅಕ್ಷರ. ಕೊಂಬು ಅಂದರೆ ನಮ್ಮ 'ಯು' ತಾನೇ, ಆಕಾರದಲ್ಲೂ ಉಚ್ಚಾರದಲ್ಲೂ.

ಹಾಗಾಗಿ ಆರ್ಬಿಟ್ರಾನ್‌ನ 'ಯು' ಅಕ್ಷರದ ಕೆಳಗಿನ ಮೂಲೆ ಎಷ್ಟು ದುಂಡಗಿದೆ ಅಂತ ಅಳೆದೆ. ಅದೇ ದುಂಡನ್ನು ಕನ್ನಡದ ಕೊಂಬಿಗೆ ಕೊಟ್ಟೆ. ಒಂದು ಕೊಂಬು ಸರಿ ಮಾಡಿ, ಅದನ್ನೇ ಕಾಪಿ ಮಾಡಿ ಉಳಿದ ಕಡೆ ಕೂರಿಸಿದೆ. ಕೂ ಅಕ್ಷರಕ್ಕೆ ದೀರ್ಘದ ಬಾಲ ಜಾಸ್ತಿ ಇದೆ, ಅದನ್ನು ಹಾಗೇ ಬಿಟ್ಟೆ. ಮೊಟಕು ಮಾಡಿದರೆ 'ತುಮಕುರು' ಆಗುತ್ತದೆ. ನಾಲ್ಕೂ ತಲೆಕಟ್ಟುಗಳ ತುದಿಯನ್ನು ಒಂದೇ ಓರೆಯಲ್ಲಿ ಕತ್ತರಿಸಿದೆ, ಎತ್ತರ ಒಂದೇ ಗೆರೆಗೆ ತಂದೆ. ಇಷ್ಟೇ. ಹೊಟ್ಟೆಯ ದುಂಡನ್ನು ಚೌಕ ಮಾಡಲಿಲ್ಲ, ಎಡ ಬಲ ಸ್ವಲ್ಪ ಒತ್ತಿ ಚಪ್ಪಟೆ ಮಾಡಿದೆ ಅಷ್ಟೇ. ಪದ ವೇಗವಾಗಿ ಓಡುವ ಹಾಗೆ ಕಾಣುವುದು ಆ ತಲೆಕಟ್ಟಿನ ಸಾಲಿನಿಂದ.

ನೀವು ಮಾಡುವಾಗ ಕೋರಲ್‌ನಲ್ಲಿ ಕಂಟ್ರೋಲ್-ಕ್ಯೂ ಒತ್ತಿ ಕರ್ವ್ (ಗೆರೆಯ ಆಕಾರ) ಮಾಡಿ, ಎಫ್-10 ಒತ್ತಿ ನೋಡ್‌ಗಳನ್ನು, ಅಂದರೆ ಗೆರೆ ತಿರುಗಿಸುವ ಚುಕ್ಕೆಗಳನ್ನು ಹಿಡಿಯಿರಿ. ಎಲ್ಲಾ ಅಕ್ಷರಕ್ಕೂ ಕೈ ಹಾಕಬೇಡಿ. ತಲೆಕಟ್ಟಿನ ತುದಿ, ಕೊಂಬಿನ ತಿರುವು, ಉದ್ದ ಮೊಟಕಾಗದ ಹಾಗೆ ದೀರ್ಘದ ಕೊನೆ, ಈ ಮೂರು ಕಡೆ ಕತ್ತರಿ ಆಡಿಸಬಹುದು. ಮಹಾಪ್ರಾಣದ ಸೀಳು, ಒಳಗಿನ ಚುಕ್ಕೆ, ಷ ಅಕ್ಷರದ ಗೆರೆ ಮುಟ್ಟಲೇಬೇಡಿ. ವ ಮತ್ತು ಪ ಇದ್ದರೆ ಇನ್ನೂ ಹುಷಾರು. ತಲೆಕಟ್ಟಿನ ಹತ್ತಿರ ಗೆರೆ ಕೂಡಿದೆಯೋ ಬಿಟ್ಟಿದೆಯೋ ಅನ್ನುವುದರಲ್ಲೇ ಅವೆರಡರ ವ್ಯತ್ಯಾಸ ಇರುವುದು. ಚೌಕ ಮಾಡುವ ಹುಮ್ಮಸ್ಸಿನಲ್ಲಿ ಅದು ಮುಚ್ಚಿಹೋಗುತ್ತದೆ.

ದಪ್ಪ ಎಷ್ಟಿರಬೇಕು ಅಂತ ಪದದ ಸುಲಭದ ಅಕ್ಷರ ನೋಡಿ ತೀರ್ಮಾನ ಮಾಡಬೇಡಿ. ರ ಎಷ್ಟು ದಪ್ಪ ಮಾಡಿದರೂ ತಡೆಯುತ್ತದೆ. ಕ ತಡೆಯುವುದಿಲ್ಲ, ಅದರ ನಡುವೆ ಅಡ್ಡಗೆರೆ ಇದೆ. ಪದದಲ್ಲಿ ಅತಿ ಇಕ್ಕಟ್ಟಾದ ಅಕ್ಷರ ಯಾವುದೋ ಅದೇ ಅಳತೆ. ಸೀಳು, ಸಂದುಗಳನ್ನು ಗೆರೆಯ ದಪ್ಪದ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ನಾನು ಬಿಡುವುದಿಲ್ಲ.

ಒತ್ತಕ್ಷರದ ಕಥೆ ಬೇರೆ. 'ಗುಬ್ಬಿ', 'ಶಕ್ತಿ' ಥರದ ಹೆಸರು ಬಂದಾಗ ಕೆಳಗಿನ ಒತ್ತು ಚಿಕ್ಕದಾಗಿ, ತೆಳ್ಳಗೆ ನೇತಾಡುತ್ತಿರುತ್ತದೆ. ಅದರ ಗೆರೆಯನ್ನು ಮೇಲಿನ ಅಕ್ಷರದ ಮುಕ್ಕಾಲು ದಪ್ಪಕ್ಕಾದರೂ ತನ್ನಿ. ಜಾಗ ಸಾಲದಿದ್ದರೆ ಒತ್ತನ್ನು ಬಲಕ್ಕೆ ಸ್ವಲ್ಪ ಸರಿಸಿ. ಕೆಳಗಿನ ಇಂಗ್ಲಿಷ್ ಸಾಲನ್ನು ಒತ್ತು ಮುಗಿದ ಮೇಲೆ ಶುರು ಮಾಡಬೇಕು ಅಂತಿಲ್ಲ. ಒತ್ತು ಇಳಿದ ಜಾಗದ ಎಡಕ್ಕೋ ಬಲಕ್ಕೋ ಇಂಗ್ಲಿಷ್ ಹೆಸರನ್ನು ಕೂರಿಸಿದರೆ ಎರಡೂ ಒಂದಕ್ಕೊಂದು ಕೊಂಡಿ ಹಾಕಿದ ಹಾಗೆ ಚೆನ್ನಾಗಿ ಬರುತ್ತದೆ. ಪಾವಗಡದ ಕಡೆ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇರುವುದರಿಂದಲೋ ಏನೋ, ನನಗೆ 'ಸೂರ್ಯ', 'ಸೋಲಾರ್' ಅನ್ನುವ ಪದಗಳು ಆಗಾಗ ಬರುತ್ತಿರುತ್ತವೆ. 'ಸೂರ್ಯ' ಪದದ ಅರ್ಕಾವತ್ತು ಈ ಶೈಲಿಗೆ ಹೇಳಿ ಮಾಡಿಸಿದ್ದು. ಅದನ್ನು ಪೂರ್ತಿ ಎತ್ತರಕ್ಕೆ ನಿಲ್ಲಿಸಿ, ಅದಕ್ಕೊಂದಕ್ಕೇ ಬೇರೆ ಬಣ್ಣ ಕೊಟ್ಟು ನೋಡಿ. 'ಸೋಲಾರ್' ಕೊನೆಯ ರ್ ಮೇಲೆ ಹಾರುವ ಗುರುತನ್ನು ತಲೆಕಟ್ಟಿನ ಎತ್ತರಕ್ಕೇ ಮಲಗಿಸಿ.

ಡಿಸೈನ್ ಆದಮೇಲೆ ಅದು ವಸ್ತುವಾಗಬೇಕಲ್ಲ. ಅಲ್ಲಿ ಬೇರೆ ಲೆಕ್ಕ.

ಸ್ಟಿಕರ್ ಕತ್ತರಿಸುವುದಾದರೆ ಪ್ಲಾಟರ್‌ಗೆ (ಕತ್ತರಿಸುವ ಯಂತ್ರಕ್ಕೆ) ಕಳಿಸುವ ಮುಂಚೆ ಎಲ್ಲವನ್ನೂ ವೆಲ್ಡ್ ಮಾಡಿ, ಅಂದರೆ ಒಂದೇ ಆಕಾರವಾಗಿ ಬೆಸೆಯಿರಿ. ಈಗಿನ ಫಾಂಟ್‌ಗಳಲ್ಲಿ ಗುಣಿತದ ಗುರುತು ಮೂಲ ಅಕ್ಷರದ ಮೇಲೆ ಹತ್ತಿ ಕೂತಿರುತ್ತದೆ. ಸ್ಕ್ರೀನಿನಲ್ಲಿ ಒಂದೇ ಕಪ್ಪು ಮೈ ಕಾಣುತ್ತದೆ, ಬ್ಲೇಡು ಮಾತ್ರ ಎರಡು ಗೆರೆಯನ್ನೂ ಕುಯ್ಯುತ್ತದೆ. ಬೈಕಿನ ಟ್ಯಾಂಕಿಗೆ ರೇಡಿಯಂ ಹಾಕಿದ ಮೂರೇ ದಿನಕ್ಕೆ ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ ಆಗುತ್ತದೆ. ವೈರ್‌ಫ್ರೇಮ್ ನೋಟದಲ್ಲಿ ಒಂದು ಸಲ ನೋಡಿದರೆ ಒಳಗಿನ ಗೆರೆ ಎಲ್ಲ ಕಾಣುತ್ತದೆ. ಚೂಪಾದ ಮೂಲೆಗಳನ್ನು ಒಂದು ಮಿಲಿಮೀಟರ್ ದುಂಡು ಮಾಡಿ. ಚೂಪು ತುದಿಯೇ ಮೊದಲು ಎದ್ದು ಧೂಳು ಹಿಡಿಯುವುದು. ಬೇಡದ ಭಾಗ ಕಿತ್ತು ತೆಗೆಯುವಾಗ ಠ ಚುಕ್ಕೆಯಂಥ ಚೂರುಗಳು ಅದರ ಜೊತೆಗೇ ಎದ್ದು ಬಂದುಬಿಡುತ್ತವೆ, ಬೆರಳಿನಿಂದ ಒತ್ತಿ ಹಿಡಿದುಕೊಂಡು ಕೀಳಿ. ಮತ್ತೆ, ನಂಬರ್ ಪ್ಲೇಟಿಗೆ ಈ ಅಕ್ಷರ ಎಷ್ಟೇ ಕೇಳಿದರೂ ಹಾಕಬೇಡಿ. ಅದು ಕಾನೂನಿಗೆ ವಿರುದ್ಧ.

ಲೈಟ್ ಬರುವ ಬೋರ್ಡಾದರೆ ದಪ್ಪ ಅಕ್ಷರದಿಂದ ಒಂದು ದೊಡ್ಡ ಲಾಭ. ಒಳಗೆ ಎಲ್‌ಇಡಿ ಮಾಡ್ಯೂಲ್ ಕೂರಲು ಜಾಗ ಸಿಗುತ್ತದೆ. ನೀವು ತರುವ ಮಾಡ್ಯೂಲಿನ ಅಗಲ ಅಳೆದು, ಆಮೇಲೆ ಗೆರೆಯ ದಪ್ಪ ನಿಶ್ಚಯ ಮಾಡಿ. ಒತ್ತಕ್ಷರದೊಳಗೆ ಮಾಡ್ಯೂಲ್ ಕೂರದಿದ್ದರೆ ರಾತ್ರಿ ಹೊತ್ತು ಒತ್ತೇ ಕಾಣುವುದಿಲ್ಲ, ಹೆಸರೇ ಬದಲಾಗುತ್ತದೆ. ಅಂಥ ಕಡೆ ಒತ್ತನ್ನು ಮೇಲಿನ ಅಕ್ಷರಕ್ಕೆ ಒಂದು ಕಡೆ ಸೇರಿಸಿ ಒಂದೇ ಪೆಟ್ಟಿಗೆ ಮಾಡಿಸಿ, ಬೆಳಕು ಒಳಗಿಂದ ಹರಿಯುತ್ತದೆ. ಬೆಳಕು ಹರಡುವುದರಿಂದ ಸಂದುಗಳು ರಾತ್ರಿ ಇನ್ನೂ ಕಿರಿದಾಗಿ ಕಾಣುತ್ತವೆ. ಹಗಲಿನ ಬೋರ್ಡಿಗಿಂತ ಅಕ್ಷರಗಳ ನಡುವೆ ಜಾಸ್ತಿ ಜಾಗ ಬಿಡಿ. ಕಪ್ಪಿನ ಮೇಲೆ ಬಿಳಿ ಬರೆದಾಗಲೂ ಹಾಗೇ, ಅಕ್ಷರ ಇರುವುದಕ್ಕಿಂತ ದಪ್ಪ ಕಾಣುತ್ತದೆ.

ಅಳತೆಗೆ ನಮ್ಮ ಕೆಲಸದಲ್ಲಿ ಒಂದು ಲೆಕ್ಕ ಇದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರ. ನೂರು ಅಡಿ ಆಚೆಯಿಂದ ಓದಬೇಕಾದರೆ ಹತ್ತು ಇಂಚು. ಇದು ಇಂಗ್ಲಿಷ್ ದೊಡ್ಡಕ್ಷರಕ್ಕೆ. ಕನ್ನಡದಲ್ಲಿ ಗುಡಿಸಿನ ತುದಿಯಿಂದ ಒತ್ತಿನ ತಳದವರೆಗೆ ಅಳೆದು ಹತ್ತು ಇಂಚು ಅನ್ನಬೇಡಿ. ಅಕ್ಷರದ ನಡುವಿನ ಮೈ ಮಾತ್ರ ಅಳೆಯಿರಿ.

ಎಲ್ಲಿ ಹಾಕಬಾರದು ಅಂತಲೂ ಹೇಳಬೇಕು. ಈ ಅಕ್ಷರ ಹೆಸರಿಗೆ ಮಾತ್ರ. ಒಂದು ಪದ, ಹೆಚ್ಚೆಂದರೆ ಎರಡು. ವಿಳಾಸ, ಸಮಯ, 'ಇಲ್ಲಿ ಸರ್ವೀಸ್ ಮಾಡಲಾಗುತ್ತದೆ' ಅನ್ನುವಂಥ ಸಾಲುಗಳಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್‌ನ ಮಾಮೂಲಿ ದಪ್ಪ ಸಾಕು. ಫೋನ್ ನಂಬರಿಗೆ ಖಂಡಿತ ಬೇಡ. ಚೌಕದ ಅಂಕಿಗಳಲ್ಲಿ 8 ಮತ್ತು 0, 5 ಮತ್ತು 6 ದೂರದಿಂದ ಒಂದೇ ಥರ ಕಾಣುತ್ತವೆ. ಒಂದು ಅಂಕಿ ತಪ್ಪಾಗಿ ಓದಿದರೆ ಗಿರಾಕಿ ಕೈತಪ್ಪಿದ ಹಾಗೇ. ಮದುವೆ ಪತ್ರಿಕೆ, ಶ್ರದ್ಧಾಂಜಲಿ, ಜಾತ್ರೆಯ ಸ್ವಾಗತ ಬ್ಯಾನರ್‌ಗೆ ಕೇಳಿದವರೂ ಇದ್ದಾರೆ. ನಾನು ಮಾಡುವುದಿಲ್ಲ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಬರುವ ವಯಸ್ಸಾದವರು ನಡೆಯುತ್ತಾ ಓದಬೇಕು, ಅವರಿಗೆ ಕಣ್ಣಿಗೆ ಅಭ್ಯಾಸವಾದ ಅಕ್ಷರವೇ ಬೇಕು. ಕಂಪ್ಯೂಟರ್ ಸೆಂಟರ್, ಜಿಮ್, ಟೂರ್ನಮೆಂಟ್ ಪೋಸ್ಟರ್, ಕಾಲೇಜಿನ ಟೆಕ್ ಫೆಸ್ಟ್, ಜೆರ್ಸಿ, ಬ್ಯಾಟರಿ ಅಂಗಡಿ, ಯೂಟ್ಯೂಬ್ ಥಂಬ್‌ನೇಲ್, ಇಲ್ಲೆಲ್ಲ ಧೈರ್ಯವಾಗಿ ಹಾಕಿ. ಬಣ್ಣ ಎರಡೇ ಇರಲಿ. ಕ್ರೋಮ್ ಥರ ಹೊಳಪು, ನೆರಳು, ಹಿಂದೆ ನೀಲಿ ಕಿರಣ, ಇವೆಲ್ಲ ಸೇರಿಸಿದರೆ ನೀವು ಕಷ್ಟಪಟ್ಟು ತಿದ್ದಿದ ಗೆರೆ ಯಾರಿಗೂ ಕಾಣುವುದಿಲ್ಲ.

ಫಾಂಟಿನ ಲೈಸೆನ್ಸ್ ಓದಿಕೊಳ್ಳಿ. ನೆಟ್ಟಿನಲ್ಲಿ ಸಿಗುವ ಎಷ್ಟೋ ಸ್ಪೇಸ್ ಫಾಂಟ್‌ಗಳು ಸ್ವಂತ ಬಳಕೆಗೆ ಮಾತ್ರ ಉಚಿತ. ಗಿರಾಕಿಯಿಂದ ದುಡ್ಡು ತೆಗೆದುಕೊಂಡು ಲೋಗೋ ಮಾಡಿದರೆ ಫಾಂಟ್ ಕೊಳ್ಳಬೇಕು. ಆರ್ಬಿಟ್ರಾನ್, ಅನೇಕ್, ಬಲೂ, ನೋಟೋ ನಾಲ್ಕೂ ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ, ಆ ಚಿಂತೆ ಇಲ್ಲ.

ಕತ್ತರಿಸುವ ಮುಂಚೆ ಮೂರು ಪರೀಕ್ಷೆ. ಡಿಸೈನನ್ನು ವಾಟ್ಸಾಪ್ ಡಿಪಿಯಷ್ಟು ಚಿಕ್ಕದು ಮಾಡಿ ನೋಡಿ. ಆಮೇಲೆ ಎ4 ಹಾಳೆಯಲ್ಲಿ ಕಪ್ಪು ಬಿಳುಪು ಪ್ರಿಂಟ್ ತೆಗೆದು, ಎದುರುಗಡೆ ಗೋಡೆಗೆ ಅಂಟಿಸಿ, ರಸ್ತೆ ದಾಟಿ ನಿಂತು ಕಣ್ಣು ಅರ್ಧ ಮುಚ್ಚಿ ನೋಡಿ. ಕೊನೆಗೆ ಆ ಹೆಸರು ಗೊತ್ತಿಲ್ಲದ ಯಾರಾದರೂ ಒಬ್ಬರ ಕೈಯಲ್ಲಿ ಜೋರಾಗಿ ಓದಿಸಿ. ಮಾಲೀಕರಿಗೆ ಹೆಸರು ಮೊದಲೇ ಗೊತ್ತಿರುತ್ತದೆ, ಹಾಗಾಗಿ ಅವರು ಸೀಳು ಮುಚ್ಚಿದ್ದರೂ ಸರಿಯಾಗಿಯೇ ಓದುತ್ತಾರೆ. ನಾನು ಪಕ್ಕದ ಟೀ ಅಂಗಡಿಯಲ್ಲಿ ನಿಂತವರನ್ನು ಕರೆಯುತ್ತೇನೆ. ಅವರು ಒಂದು ಕ್ಷಣ ತಡವರಿಸಿದರೂ ಸಾಕು, ಮತ್ತೆ ಕಂಪ್ಯೂಟರ್ ಮುಂದೆ ಕೂತು ಆ ಅಕ್ಷರ ತೆರೆಯುತ್ತೇನೆ.